ಬಾಯಮ್ಮನ ಮನೆಯ ಕ್ರಿಸ್ಮಸ್ ರೆಕಾರ್ಡು

"ಇವರು ಹಾಡ್ತಾ ಇಲ್ಲ ಮಗಾ. ಡ್ಯೂಟಿ ಮಾಡ್ತಾ ಇದ್ದಾರೆ."

ಸೋಮವಾರ ಸಂಜೆ ಬಾಯಮ್ಮ ಹೇಳಿದ ಮಾತು ಇದು. ಇವತ್ತು ಶುಕ್ರವಾರ. ಸ್ಕೂಟರ್ ಓಡಿಸುವಾಗ, ಊಟಕ್ಕೆ ಕೂತಾಗ, ರಾತ್ರಿ ಮಲಗಿದಾಗ ಅದೇ ಮಾತು ಕಿವಿಯಲ್ಲಿ. ಕೇಳಿದ ಕೂಡಲೇ ನನಗೆ ಬೇಸರವಾಗಿತ್ತು. ಅವರ ಮೇಲಲ್ಲ. ನಲವತ್ತು ವರ್ಷ ಆಸೆಯಿಟ್ಟುಕೊಂಡು ಕೊನೆಗೂ ಕೇಳಿದ ರೆಕಾರ್ಡು ಅದು. ಅವರು ಹೇಳಿದ್ದು ನಿಜ ಅಂತ ನನಗೂ ಗೊತ್ತಾಗಿಬಿಟ್ಟಿತಲ್ಲ, ಅದಕ್ಕೆ.

ಬೋನಿ ಎಂ ಅನ್ನುವ ಡಿಸ್ಕೋ ತಂಡದ ಕ್ರಿಸ್ಮಸ್ ಆಲ್ಬಂ, 1981ರದ್ದು. ಬಾಯಮ್ಮನ ಯಜಮಾನರು ಬಹರೇನಿನಿಂದ ರಜೆಗೆ ಬಂದಾಗ ತಂದದ್ದು. ಆಗ ನಾನು ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ. ಮಂಗಳೂರಿನ ಬಿಜೈಯ ಆ ಹಂಚಿನ ಮನೆಯ ಪಕ್ಕದಲ್ಲೇ ನಮ್ಮ ಮನೆ. ನಮ್ಮ ಮನೆಯಲ್ಲಿ ಆಕಾಶವಾಣಿ ಬಿಟ್ಟರೆ ಬೇರೆ ಹಾಡಿಲ್ಲ. ಹಾಗಾಗಿ ನನಗೆ ಇಂಗ್ಲಿಷ್ ಹಾಡು ಅಂದರೆ ಬಾಯಮ್ಮನ ಮನೆ, ಬಾಯಮ್ಮನ ಮನೆ ಅಂದರೆ ಬೋನಿ ಎಂ. ಆ ಬ್ಯಾಬಿಲೋನ್ ನದಿಯ ಹಾಡಿಗೆ ನಾವು ಮಕ್ಕಳು ಅಂಗಳದಲ್ಲಿ ಕುಣಿದಷ್ಟು ಇನ್ಯಾವುದಕ್ಕೂ ಕುಣಿದಿಲ್ಲ. ಡಿಸ್ಕೋ ಅಂದರೆ ಮೂಗು ಮುರಿಯುತ್ತಿದ್ದ ಬಾಯಮ್ಮ ಆ ಹಾಡಿಗೆ ಮಾತ್ರ ಏನೂ ಹೇಳುತ್ತಿರಲಿಲ್ಲ. "ಅದು ಬೈಬಲ್ಲಿನದ್ದು ಮಕ್ಕಳೇ, 137ನೇ ಕೀರ್ತನೆ. ಕುಣಿಯಿರಿ" ಅನ್ನುತ್ತಿದ್ದರು.

ಆದರೆ ಈ ಕ್ರಿಸ್ಮಸ್ ರೆಕಾರ್ಡನ್ನು ನಾನು ಕೇಳಿರಲೇ ಇಲ್ಲ. ಅದು ಶೋಕೇಸಿನ ಮೇಲಿನ ಹಲಗೆಯಲ್ಲಿ ಇರುತ್ತಿತ್ತು. ನೋಡಬಹುದು, ಮುಟ್ಟುವಂತಿಲ್ಲ. ಹಾಕಿ ಅಂದರೆ, "ಪ್ಲೇಯರಿನ ಮುಳ್ಳು ಸರಿ ಇಲ್ಲ" ಅಂತ ಉತ್ತರ. ಮುಂದಿನ ವರ್ಷವೂ ಮುಳ್ಳು ಸರಿ ಇರಲಿಲ್ಲ. ಕೇಳದ ಆ ಹಾಡುಗಳನ್ನು ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಅಷ್ಟು ಕುಣಿಸುವ ತಂಡ ಹಬ್ಬಕ್ಕೆ ಅಂತಲೇ ಹಾಡಿದರೆ ಇನ್ನು ಹೇಗಿರಬೇಡ ಅಂತ.

ಹಬ್ಬ ಮುಗಿದ ಮೇಲೆ ಬಾಯಮ್ಮ ಕೆನಡಾಕ್ಕೆ ಹೋಗುತ್ತಾರೆ, ಮಗನ ಹತ್ತಿರ. ಹಳೆ ಸಾಮಾನೆಲ್ಲ ಗುಜರಿಗೆ ಹಾಕಿ ಅಂತ ಅವನು ಫೋನಿನಲ್ಲಿ ಹೇಳಿದ್ದಾನಂತೆ. ಒಳ್ಳೆಯ ಹುಡುಗ, ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. ಆದರೆ ಗುಜರಿ ಅನ್ನುವ ಮಾತು ಅಷ್ಟು ಸುಲಭವಾಗಿ ಅವನ ಬಾಯಿಗೆ ಬರಬಾರದಿತ್ತು. "ನಿನಗೆ ಬೇಕಾದ್ದು ಏನಾದರೂ ಉಂಟಾ ನೋಡು" ಅಂತ ಬಾಯಮ್ಮ ಕರೆದರು. ನಾನು ಬೇರೆ ಏನನ್ನೂ ನೋಡಲಿಲ್ಲ. ಮನೆಗೆ ಓಡಿ ನನ್ನ ಪ್ಲೇಯರ್ ಎತ್ತಿಕೊಂಡು ಬಂದೆ.

ಅವರು ಊಟದ ಮೇಜಿನಲ್ಲಿ ಕುಸ್ವಾರಿಗೆ, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳಿಗೆ, ಕಿಡಿಯೊ ಮಾಡುತ್ತಿದ್ದರು. ತೆಂಗಿನ ಹಾಲು ಹಾಕಿ ಕಲಸಿದ ಮೈದಾ ಹಿಟ್ಟು. ಚಿಟಿಕೆಯಷ್ಟು ಹಿಟ್ಟು ತೆಗೆದು ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಾಗೇ ಸುತ್ತಿದರೆ ಗೆರೆ ಬಿದ್ದ ಶಂಖದ ಹಾಗೆ ಆಗುತ್ತದೆ. ಇದಕ್ಕೆ ಅಂತಲೇ ಇಟ್ಟ ಬಾಚಣಿಗೆ, ತಲೆಗೆ ಮುಟ್ಟಿಸಿದ್ದಲ್ಲ. ಎಂಬತ್ತರ ಹತ್ತಿರದ ಕೈ. ಗಂಟುಗಳೆಲ್ಲ ಊದಿವೆ. ಆದರೆ ಆ ಹೆಬ್ಬೆರಳು ಒಮ್ಮೆಯೂ ತಪ್ಪುವುದಿಲ್ಲ.

ರೆಕಾರ್ಡು ಹಾಕಿದೆ. ಕರಕರ ಸದ್ದು ಇರಲೇ ಇಲ್ಲ. ಅದೇ ನನಗೆ ಮೊದಲು ವಿಚಿತ್ರ ಅನ್ನಿಸಿದ್ದು.

ಒಂದು ಹಾಡು ಆಯಿತು. ಎರಡು. ಮೂರು. ದನಿ ಇಂಪಾಗಿದೆ, ಅಪಶ್ರುತಿ ಇಲ್ಲ, ಗಂಟೆಗಳು ಸರಿಯಾಗಿ ಕಿಣಿಕಿಣಿ ಅನ್ನುತ್ತವೆ. ಆದರೂ ಏನೂ ಆಗುತ್ತಿಲ್ಲ. ಜಿಂಗಲ್ ಬೆಲ್ಸ್ ಬಂತು, ಬಿಳಿ ಕ್ರಿಸ್ಮಸ್ ಬಂತು. ಊರಿಗೆಲ್ಲ ಗೊತ್ತಿರುವ ಹಾಡುಗಳನ್ನು ಒಂದೊಂದಾಗಿ ಹಾಡಿ ಮುಗಿಸಿದ ಹಾಗಿತ್ತು. ನಾನು ಕಾಲು ಕುಣಿಸಲು ನೋಡಿದೆ. ಕಾಲು ಏಳಲಿಲ್ಲ. ಬಾಯಮ್ಮನ ಕೈ ತನ್ನ ಪಾಡಿಗೆ ತಾನು ಕಿಡಿಯೊ ಸುತ್ತುತ್ತಿತ್ತು. ಹಾಡಿಗೂ ಕೈಗೂ ಸಂಬಂಧವೇ ಇಲ್ಲ.

ಆಮೇಲೆ ಆ ಮರಿಯಳ ಮಗನ ಹಾಡು, 'ಮೇರೀಸ್ ಬಾಯ್ ಚೈಲ್ಡ್', ಬಂತು. ಎಲ್ಲರಿಗೂ ಗೊತ್ತಿರುವುದು, ಡಿಸೆಂಬರ್ ಬಂದರೆ ಅಂಗಡಿ ಅಂಗಡಿಯಲ್ಲಿ ಕೇಳುವುದು. ಬಾಯಮ್ಮನ ಕೈ ಒಂದು ಕ್ಷಣ ನಿಂತಿತು. ಮತ್ತೆ ಶುರುವಾದಾಗ ತಾಳಕ್ಕೆ ಸರಿಯಾಗಿ ಶುರುವಾಯಿತು. ಒಂದು ಹೊಡೆತಕ್ಕೆ ಒತ್ತು, ಇನ್ನೊಂದಕ್ಕೆ ಸುತ್ತು. ಒತ್ತು, ಸುತ್ತು. ತುಟಿ ಅಲುಗುತ್ತಿತ್ತು. ಮೂವತ್ತು ವರ್ಷಕ್ಕೂ ಜಾಸ್ತಿ ಚರ್ಚಿನ ಕ್ವಾಯರಿನಲ್ಲಿ ಆಲ್ಟೊ ಹಾಡಿದವರು. ಈಗ ಗಂಟಲು ಒಡೆದಿದೆ ಅಂತ ಬಿಟ್ಟಿದ್ದಾರೆ. ಆ ಒಡೆದ ಗಂಟಲಿನಲ್ಲೇ ಮೆಲ್ಲಗೆ ಕೆಳಗಿನ ಸ್ವರ ಹಿಡಿದರು. ಹಾಡು ಮುಗಿಯುವಾಗ ತಟ್ಟೆಯಲ್ಲಿ ಕಿಡಿಯೊ ಸಾಲಾಗಿ ಬಿದ್ದಿದ್ದವು.

ಮುಂದಿನ ಹಾಡು ಶುರುವಾದ ಕೂಡಲೇ ತಾಳ ಬಿಟ್ಟುಹೋಯಿತು. ಆಗ ಹೇಳಿದರು. ಇವರು ಹಾಡ್ತಾ ಇಲ್ಲ ಮಗಾ. ಡ್ಯೂಟಿ ಮಾಡ್ತಾ ಇದ್ದಾರೆ.

"ಆ ಒಂದು ಹಾಡು ಚೆನ್ನಾಗಿತ್ತಲ್ವಾ ಬಾಯಮ್ಮ?" ಅಂದೆ.

"ಅದು ಈ ರೆಕಾರ್ಡಿನದ್ದಲ್ಲ. ಅದು ಮೊದಲಿನದ್ದು" ಅಂದರು.

ಅವರ ಕಿವಿ ಹೇಳಿದ್ದು ಸರಿ. ಅದು 1978ರ ಹಾಡು. ಆ ವರ್ಷ ಬ್ರಿಟನ್ನಿನಲ್ಲಿ ಕ್ರಿಸ್ಮಸ್ಸಿಗೆ ಮೊದಲ ಸ್ಥಾನದಲ್ಲಿದ್ದದ್ದು. ಅದಕ್ಕೂ ಮೊದಲು 1957ರಲ್ಲಿ ಹ್ಯಾರಿ ಬೆಲಾಫೊಂಟೆ ಅದನ್ನೇ ಹಾಡಿ ಅಲ್ಲೇ ಮೊದಲ ಸ್ಥಾನಕ್ಕೆ ಹೋಗಿದ್ದರು. ಅಷ್ಟು ಗಟ್ಟಿ ಹಾಡು. 1978 ಬೋನಿ ಎಂ ತಂಡದ ವರ್ಷ. ಬ್ಯಾಬಿಲೋನ್ ಹಾಡೂ ಅದೇ ವರ್ಷದ್ದು. ಸೋವಿಯತ್ ರಷ್ಯಾದವರು ಮಾಸ್ಕೋಗೆ ಕರೆಸಿಕೊಂಡದ್ದೂ ಆ ವರ್ಷವೇ. ಮೂರೇ ವರ್ಷ ಆದ ಮೇಲೆ ಬಂದದ್ದು ಈ ಆಲ್ಬಂ. ಅಷ್ಟರಲ್ಲಿ ಕಥೆ ಮುಗಿಯುತ್ತಾ ಬಂದಿತ್ತು. 1979ರ ನಂತರ ಅವರ ಹೊಸ ಹಾಡು ಒಂದೂ ಬ್ರಿಟನ್ನಿನಲ್ಲಿ ಮೊದಲ ಹತ್ತರೊಳಗೆ ಬರಲಿಲ್ಲ. ಗೆದ್ದ ಹಳೆ ಹಾಡನ್ನು ಮಧ್ಯದಲ್ಲಿಟ್ಟು ಸುತ್ತ ಹೊಸದನ್ನು ಸೇರಿಸಿ ನವೆಂಬರಿನಲ್ಲಿ ಅಂಗಡಿಗೆ ಬಿಟ್ಟರು. ಹಬ್ಬಕ್ಕೆ ಹೇಗೂ ಜನ ಕೊಳ್ಳುತ್ತಾರಲ್ಲ.

ನನಗೆ ಸಿಟ್ಟು ಬರುವುದು ಫ್ರಾಂಕ್ ಫೇರಿಯನ್ ಮೇಲೆ. ತಂಡ ಕಟ್ಟಿದ ಜರ್ಮನ್ ನಿರ್ಮಾಪಕ. ದೊಡ್ಡ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. 1975ರ ಮೊದಲ ಹಾಡಿನಲ್ಲಿ ದಪ್ಪ ದನಿ, ತೆಳು ದನಿ ಎರಡನ್ನೂ ತಾನೇ ಹಾಡಿ, ಆಮೇಲೆ ಕುಣಿಯಲು, ಕಾಣಿಸಿಕೊಳ್ಳಲು ಜನ ಹುಡುಕಿದವರು. ವೇದಿಕೆಯಲ್ಲಿ ಬಾಬಿ ಫೆರೆಲ್ ಬಾಯಿ ಆಡಿಸುತ್ತಿದ್ದ, ರೆಕಾರ್ಡಿನಲ್ಲಿದ್ದ ಗಂಡು ದನಿ ಫೇರಿಯನ್‌ದು. ರೆಕಾರ್ಡುಗಳಲ್ಲಿ ನಿಜಕ್ಕೂ ಹಾಡಿದವರು ಲಿಝ್ ಮಿಚೆಲ್, ಮಾರ್ಸಿಯಾ ಬ್ಯಾರೆಟ್. ಈ ರೆಕಾರ್ಡು ಬಂದ ಹೊತ್ತಿಗೇ ಬಾಬಿಯನ್ನು ತಂಡದಿಂದ ಹೊರಗೆ ಹಾಕಿದರು. ಮುಂದೆ ಮಿಲಿ ವನಿಲಿ ಅಂತ ಇಬ್ಬರು ಹುಡುಗರ ಹಿಂದೆಯೂ ಇದೇ ಫೇರಿಯನ್. ಅವರು ಹಾಡಿಲ್ಲ ಅಂತ 1990ರಲ್ಲಿ ಬಯಲಾದಾಗ ಗ್ರ್ಯಾಮಿ ಪ್ರಶಸ್ತಿ ಕಳೆದುಕೊಂಡು ಮಾನ ಹೋದದ್ದು ಹುಡುಗರದ್ದು.

ಬಾಬಿ ಹಾಡಲಿಲ್ಲ ಅಂತ ಆಡಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅವನು ಕುಣಿಯದೇ ಇದ್ದಿದ್ದರೆ ಬಿಜೈಯ ಅಂಗಳದಲ್ಲಿ ನಾವು ಕುಣಿಯುತ್ತಿದ್ದೆವಾ? ಅವನಂತೂ ಕೊನೆಯವರೆಗೂ ಅದನ್ನೇ ಮಾಡಿದ. 2010ರ ಡಿಸೆಂಬರ್ 30ರಂದು ಸೇಂಟ್ ಪೀಟರ್ಸ್‌ಬರ್ಗಿನ ಹೋಟೆಲಿನಲ್ಲಿ ತೀರಿಹೋದ. ಹಿಂದಿನ ರಾತ್ರಿ ಅಲ್ಲೇ ಕಾರ್ಯಕ್ರಮ ಕೊಟ್ಟಿದ್ದ. ಅವನನ್ನು ಲೋಕಕ್ಕೆಲ್ಲ ಗೊತ್ತು ಮಾಡಿದ ಹಾಡಿನ ರಾಸ್ಪುಟಿನ್, ರಷ್ಯಾದ ರಾಜಮನೆತನಕ್ಕೆ ಹತ್ತಿರವಿದ್ದ ಸಾಧು, ಸತ್ತದ್ದೂ ಅದೇ ಊರಿನಲ್ಲಿ, ಅದೇ ತಾರೀಖಿಗೆ, 1916ರಲ್ಲಿ. ಇದನ್ನು ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ವಯಸ್ಸಾದರೆ, ಕಾಲ ಮುಗಿದರೆ ಕಲೆ ಹೋಗುತ್ತದೆ ಅಂತ ನಾನು ನಂಬುವುದಿಲ್ಲ. ಗಿರ್ಕಿ ಹಾಕಲಾಗದ ವಯಸ್ಸಿನ ಯಕ್ಷಗಾನದ ವೇಷಧಾರಿಯೊಬ್ಬರು ಬರೀ ಕಣ್ಣು ಹೊರಳಿಸಿ ಇಡೀ ಬಯಲನ್ನು ಹಿಡಿದು ಕೂರಿಸಿದ್ದನ್ನು ನಮ್ಮ ಆಟಗಳಲ್ಲಿ ನೋಡಿದ್ದೇನೆ. ಬಾಯಮ್ಮನ ಒಡೆದ ಆಲ್ಟೊ ಸೋಮವಾರ ಕೇಳಿದೆ. ಬೋನಿ ಎಂಗೆ ಆಗ ಅಂಥ ವಯಸ್ಸೇನೂ ಆಗಿರಲಿಲ್ಲ. ಹಾಗಾದರೆ ಆ ರೆಕಾರ್ಡಿನಲ್ಲಿ ಹೋದದ್ದು ಏನು? ಎರಡು ದಿನ ಇದೇ ಯೋಚನೆ.

ಬುಧವಾರ ಪ್ಲೇಯರ್ ವಾಪಸ್ ತರಲು ಹೋದೆ. ಬಾಯಮ್ಮ ಗೋದಲಿ ಕಟ್ಟುತ್ತಿದ್ದರು. ಗೆರಟೆಯಲ್ಲಿ ಹಾಕಿದ ಭತ್ತ ಬೆರಳುದ್ದ ಮೊಳಕೆ ಬಂದಿತ್ತು. ಕುರಿಗಳ ಸುತ್ತ ಅದನ್ನು ಜೋಡಿಸುತ್ತಾ, ನಾನು ಕೇಳದೆಯೇ ಹೇಳಿದರು.

"ಮುಳ್ಳಿಗೆ ಏನೂ ಆಗಿರಲಿಲ್ಲ ಮಗಾ. ಆ ರೆಕಾರ್ಡು ನನಗೆ ಹಿಡಿಸಲಿಲ್ಲ. ಅವರಿಗೆ ಹೇಗೆ ಹೇಳುವುದು? ಓವರ್‌ಟೈಮ್ ಮಾಡಿದ ದುಡ್ಡಿನಲ್ಲಿ ತಂದದ್ದು. ರಜೆಗೆ ಬಂದಾಗ ಹಾಕುತ್ತಿದ್ದೆ. ಅವರು ಹೋದ ಮೇಲೆ ಎತ್ತಿ ಇಡುತ್ತಿದ್ದೆ."

ಕರಕರ ಸದ್ದು ಯಾಕೆ ಇರಲಿಲ್ಲ ಅಂತ ಆಗ ಗೊತ್ತಾಯಿತು.

ಆಮೇಲೆ ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಯಜಮಾನರ ಕಾಗದಗಳು. ಒಂದನ್ನು ತೆಗೆದು ಕೊಂಕಣಿಯಲ್ಲಿದ್ದದ್ದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದರು. ಇವತ್ತು ಕ್ರಿಸ್ಮಸ್. ಬೆಳಿಗ್ಗೆ ಆರರಿಂದ ಡ್ಯೂಟಿ ಇತ್ತು. ರೂಮಿಗೆ ಬಂದು ಅನ್ನ ಮಾಡಿದೆ. ಮಕ್ಕಳಿಗೆ ಮುತ್ತು. ಅಷ್ಟೇ. ಹದಿನೇಳು ಕ್ರಿಸ್ಮಸ್ ಅವರು ಅಲ್ಲಿ ಕಳೆದದ್ದು.

ಡ್ಯೂಟಿ. ಆ ಮನೆಯಲ್ಲಿ ಅದು ಬೈಗುಳವೇ ಅಲ್ಲ. ನಾನು ಸೋಮವಾರದಿಂದ ಅದನ್ನು ತಪ್ಪಾಗಿ ಕೇಳಿಸಿಕೊಂಡಿದ್ದೆ. ಲಿಝ್, ಮಾರ್ಸಿಯಾ ಹುಟ್ಟಿದ್ದು ಜಮೈಕಾದಲ್ಲಿ. ತಂಡದ ಇನ್ನೊಬ್ಬರು, ಮೈಝಿ ವಿಲಿಯಮ್ಸ್, ಮಾಂಟ್‌ಸೆರಾಟ್ ದ್ವೀಪದವರು. ಬಾಬಿ ಅರೂಬಾದವನು. ಹಿಮವೇ ಬೀಳದ ಊರಿನವರು ಜರ್ಮನಿಯವನ ಲೆಕ್ಕಕ್ಕೆ, ಹಬ್ಬ ಬರುವ ಮೊದಲೇ, ಹಿಮದ ಹಾಡಿನ ಕೆಲಸ ಮುಗಿಸಬೇಕಿತ್ತು. ಬಾಯಮ್ಮನ ಕಿವಿಗೆ ಕೇಳಿಸಿದ್ದು ಅದು. ಪ್ರತಿ ಡಿಸೆಂಬರಿನಲ್ಲೂ ಕಾಗದದಲ್ಲಿ ಬರುತ್ತಿದ್ದ ಅದೇ ದನಿ.

ನಾವು ಅಂಗಳದಲ್ಲಿ ಕುಣಿದ ಆ 137ನೇ ಕೀರ್ತನೆಯಲ್ಲಿ ಇರುವುದೂ ಇದೇ ಅಲ್ವಾ? ಸೆರೆ ಹಿಡಿದವರು ಹಾಡಿ ಅನ್ನುತ್ತಾರೆ, ನದಿಯ ದಡದಲ್ಲಿ ಕೂತವರು ಪರದೇಶದಲ್ಲಿ ಹೇಗೆ ಹಾಡುವುದು ಅಂತ ಅಳುತ್ತಾರೆ. ಬಾಯಮ್ಮನಿಗೆ ಹೇಳಿದೆ. ಅವರು ತಲೆಯಾಡಿಸಿದರು. ಮುಂದಿನ ತಿಂಗಳು ಅವರೂ ಹೊರಡುವವರು. ಆ ಮಾತು ನಾನೂ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ.

ರೆಕಾರ್ಡನ್ನು ಕವರಿಗೆ ಹಾಕಿ ಎದ್ದೆ. ಸಂಜೆಯ ತೇರ್ಸಿಗೆ, ಜಪಮಾಲೆಯ ಪ್ರಾರ್ಥನೆಗೆ, ಇನ್ನೂ ಹೊತ್ತಿತ್ತು.

"ಕೂತುಕೋ ಮಗಾ. ಆ ಡ್ರಮ್ಮಿನ ಹುಡುಗನ ಹಾಡು ಇನ್ನೊಮ್ಮೆ ಹಾಕು" ಅಂದರು. "ಅವರಿಗೆ ಅದು ತುಂಬ ಇಷ್ಟ ಇತ್ತು."

ಹಾಕಿದೆ. ಬಾಯಮ್ಮ ಕೈಯಲ್ಲಿದ್ದ ಗೆರಟೆಯನ್ನು ಮೇಜಿನ ಮೇಲಿಟ್ಟು, ಕುರ್ಚಿ ಪ್ಲೇಯರಿನ ಹತ್ತಿರ ಎಳೆದುಕೊಂಡು ಕೂತರು.