ನೀವೇ ಸರಿಮಾಡಿ ಮಾರಬಹುದಲ್ಲ?

ನನ್ನ 1969ರ ಡಾಡ್ಜ್ ಚಾರ್ಜರ್ ಕಾರು ಮಾರಾಟಕ್ಕಿದೆ. ಪೂರ್ತಿ ತುಕ್ಕು. ಕೊಂಡವರು ಕೂತು ಪುನರುದ್ಧಾರ ಮಾಡಿಕೊಳ್ಳಬೇಕು ಎಂದು ಮೊದಲೇ ಹೇಳಿಯೇ ಮಾರುತ್ತಿದ್ದೇನೆ. ಆದರೂ ಎಲ್ಲರದೂ ಇದೇ ಪ್ರಶ್ನೆ. ಮಿಶಿಗನ್‌ನ ನಮ್ಮ ಕನ್ನಡದ ಬಳಗ ಕೇಳುತ್ತದೆ, ಎದುರು ಮನೆಯ ಅಮೆರಿಕದ ಅಜ್ಜ ಕೇಳುತ್ತಾನೆ, ಮೈಸೂರಿನ ಚಿಕ್ಕಪ್ಪ ಫೋನಿನಲ್ಲಿ ಕೇಳಿ "ಇಲ್ಲವಾದರೆ ಗುಜರಿಗೆ ಹಾಕಪ್ಪ" ಎಂದೂ ಸೇರಿಸುತ್ತಾರೆ. ಇನ್ನು ಬಾಯಿಬಿಟ್ಟು ಹೇಳುವ ಶಕ್ತಿ ನನಗಿಲ್ಲ. ಓದಿಕೊಳ್ಳಿ.

ಸರಿಮಾಡಿದರೆ ನಷ್ಟ. ಉತ್ತರ ಇಷ್ಟೇ.

ಇಷ್ಟಕ್ಕೆ ಯಾರೂ ಬಿಡುವುದಿಲ್ಲವೆಂದು ಗೊತ್ತು. ಮನೆಯಲ್ಲಿ ಸತ್ಯನಾರಾಯಣ ಪೂಜೆ ನಡೆದ ದಿನ ಪರಿಚಿತರೊಬ್ಬರು ಪಾಯಸದ ಲೋಟ ಹಿಡಿದೇ ಗ್ಯಾರೇಜಿಗೆ ಬಂದರು. ಹಿಂದಿನ ಚಕ್ರದ ಮೇಲಿನ ತೂತಿಗೆ ಬೆರಳು ತೂರಿಸಿದರು. ಅಂಗೈಯಗಲದ ತಗಡು ಉದುರಿ ಬಿತ್ತು. "ಸ್ವಲ್ಪ ಟಿಂಕರಿಂಗ್ ಮಾಡಿಸಿ, ಪುಟ್ಟಿ ಮೆತ್ತಿ, ಮೇಲೊಂದು ಕೋಟ್ ಪೇಂಟ್ ಹೊಡೆಸಿಬಿಡಿ ಸಾರ್, ಎರಡು ಪಟ್ಟು ಬೆಲೆ ಸಿಗುತ್ತದೆ" ಎಂದು ಉಪದೇಶಿಸಿ, ಉಳಿದ ಪಾಯಸ ಕುಡಿದರು. ಪೂಜೆಗೆ ಬಂದ ಅತಿಥಿ, ಏನೆನ್ನಲಿ? ಅಂದು ನುಂಗಿಕೊಂಡದ್ದನ್ನು ಈಗ ಹೇಳುತ್ತೇನೆ.

ಈ ಕಾರಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ನೆಲದ ತಗಡು, ತೊಲೆ, ಬಾಡಿ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡು ನಿಂತಿವೆ. ಕೊಳೆತ ನೆಲವನ್ನು ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಕಬ್ಬಿಣದ ಆಧಾರ ಕೊಡದಿದ್ದರೆ ಇಡೀ ಗಾಡಿ ಜಗ್ಗುತ್ತದೆ, ಆಮೇಲೆ ಬಾಗಿಲು ನೆಟ್ಟಗೆ ಮುಚ್ಚುವುದಿಲ್ಲ. ಹಿಂದಿನ ಗಾಜು ಎರಡು ಇಳಿಜಾರು ಕಂಬಗಳ ನಡುವೆ ಒಳಸರಿದು ಕೂತಿದೆ. ನೋಡಲು ಬಹಳ ಚೆಂದ; ಮಳೆನೀರು ಅದರ ಬುಡದಲ್ಲೇ ನಿಂತು, ಅಂಚನ್ನು ತಿಂದು, ಡಿಕ್ಕಿಯೊಳಗೆ ಸೋರುತ್ತದೆ. ಮೇಲಾಗಿ ಇದು ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುವ ರಾಜ್ಯ. ಡೆಟ್ರಾಯಿಟ್ ನಗರದ ಅಡಿಯಲ್ಲೇ ಉಪ್ಪಿನ ಗಣಿಯಿದೆ. ಪಕ್ಕದ ಹ್ಯಾಮ್‌ಟ್ರಾಮಿಕ್ ಕಾರ್ಖಾನೆಯಲ್ಲಿ ತಯಾರಾದ ಕಾರು ಇದು. ಉಪ್ಪು ತಿಂದವರು ನೀರು ಕುಡಿಯಬೇಕೆನ್ನುತ್ತಾರೆ; ಇಲ್ಲಿ ಉಪ್ಪೇ ಕಾರನ್ನು ತಿಂದಿದೆ, ನೀರು ಕುಡಿಯುವ ಸರದಿ ಮಾತ್ರ ಕೊಳ್ಳುವವರದು.

ಇನ್ನು ಲೆಕ್ಕ. ನನ್ನದು 318 ಘನ ಇಂಚಿನ, 230 ಅಶ್ವಶಕ್ತಿಯ ಸಾದಾ ಚಾರ್ಜರ್. ಮಡಿವಂತರು ಇದನ್ನು ಮಸಲ್ ಕಾರ್, ಅಂದರೆ ಭಾರಿ ಎಂಜಿನ್ನಿನ ಬಲಾಢ್ಯ ಕಾರು, ಎಂದೇ ಒಪ್ಪುವುದಿಲ್ಲ. ಅವರಿಗೆ ಬೇಕಾದದ್ದು ಇದೇ ಚಾರ್ಜರಿನ ಬಲಿಷ್ಠ ಮಾದರಿ, 440 ಎಂಜಿನ್ನಿನ, 375 ಅಶ್ವಶಕ್ತಿಯ ಆರ್/ಟಿ. ತಗಡು ಕತ್ತರಿಸಿ ಬೆಸೆಯುವ ಕೂಲಿ ಎರಡಕ್ಕೂ ಒಂದೇ, ಮಾರುವಾಗ ಸಿಗುವ ಬೆಲೆ ಒಂದೇ ಅಲ್ಲ. ತನ್ನ ಭಾನುವಾರಗಳಿಗೆ ಕೂಲಿ ಕಟ್ಟದವನಿಗೆ ಮಾತ್ರ ಈ ಗಾಡಿ ಗಿಟ್ಟುತ್ತದೆ. ಅಂಥವನು ನಾನಲ್ಲ.

ಪುಟ್ಟಿಯ ಮಾತು: ತಿಳಿದವರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಬರುತ್ತಾರೆ. ಪುಟ್ಟಿ ದಪ್ಪಗಿರುವಲ್ಲಿ ಅದು ಅಂಟುವುದಿಲ್ಲ. ಹೊಸ ಬಣ್ಣ ಕಂಡ ಕೂಡಲೇ ಅವರಿಗೆ ಅನುಮಾನ, ಅನುಮಾನಕ್ಕೆ ತಕ್ಕಂತೆ ಬೆಲೆಯೂ ಇಳಿಯುತ್ತದೆ. ನನ್ನ ಕಾರಿನ ತೂತುಗಳು ಬರಿಗಣ್ಣಿಗೇ ಕಾಣುತ್ತವೆ.

ಇಷ್ಟು ಜನ ಬಂದರಲ್ಲ, ಒಬ್ಬರಾದರೂ ಕೆಳಗೆ ಮಲಗಿ ನೋಡಿ "ಟಾರ್ಷನ್ ಬಾರ್ ಸೇರುವ ಅಡ್ಡತೊಲೆ ಹೇಗಿದೆ?" ಎಂದು ಕೇಳಬಾರದೇ? ಹಾಗೆ ಕೇಳಿದವರಿಗೆ ಕಾಫಿ ಮಾಡಿಕೊಡುತ್ತಿದ್ದೆ. ಮುಂಭಾಗದ ಭಾರ ಹೊರುವ ಉಕ್ಕಿನ ಸರಳುಗಳ ಹಿಂತುದಿ ಅಲ್ಲಿ ಕೂತಿರುತ್ತದೆ. ಅದು ಕೊಳೆತರೆ ಗಾಡಿಯ ಮೂತಿ ಕುಸಿಯುತ್ತದೆ. ಕೇಳದಿದ್ದರೂ ಹೇಳುತ್ತೇನೆ: ಎಡಗಡೆ ಗಟ್ಟಿಯಿದೆ, ಬಲಗಡೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತದೆ.

ಟೈಟಲ್, ಅಂದರೆ ಮಾಲೀಕತ್ವದ ಪತ್ರ, ನನ್ನ ಹೆಸರಿನಲ್ಲಿದೆ. ಎಂಜಿನ್ ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಬ್ರೇಕ್ ಇಲ್ಲ, ವಿಂಚ್ ಇರುವ ಟ್ರೇಲರ್ ತನ್ನಿ. ಡ್ಯಾಶ್‌ಬೋರ್ಡಿನ ಮೇಲಿನ ಕ್ರಮಾಂಕ ಎಕ್ಸ್‌ಪಿ29ಎಫ್ ಎಂದು ಶುರುವಾಗುತ್ತದೆ. ಎಫ್ ಎಂದರೆ 318. ಆರ್/ಟಿ ಆಗಿದ್ದರೆ ಎಕ್ಸ್‌ಎಸ್ ಎಂದಿರುತ್ತಿತ್ತು. ಗ್ರಿಲ್ ಮೇಲಿನ ಆರ್/ಟಿ ಬಿಲ್ಲೆ ಹಿಂದಿನ ಮಾಲೀಕ ಅಂಟಿಸಿದ್ದು. ಅದನ್ನು ಕಿತ್ತು ಕೈಗೆ ಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ.