ಅಪ್ಪನೂ ಮಗನೂ ಒಂದೇ ಗಂಟಲಿನಲ್ಲಿ

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಮ್ಮ ಬೀದಿ ಇನ್ನೂ ಮಲಗಿರುತ್ತದೆ. ಆ ಹೊತ್ತಿನಲ್ಲಿ ನಾನು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬಾಗಿಲಿಗೊಂದು ಕಂಬಳಿ ಇಳಿಬಿಟ್ಟು, ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಕನ್ನಡ ಪಾಠಗಳನ್ನು ಓದಿ ಧ್ವನಿಮುದ್ರಿಸುತ್ತೇನೆ. ನಾಲ್ಕು ವರ್ಷಗಳಿಂದ ನಡೆದುಬಂದ ಕೆಲಸ ಇದು. ವಿವರಣೆ ಓದುವುದು ಕಷ್ಟವಲ್ಲ, ತೊಡಕಿರುವುದು ಸಂಭಾಷಣೆಯಲ್ಲಿ. ಮೊದಲ ವರ್ಷ ಒಂದು ಪಾಠದಲ್ಲಿ ತಂದೆ ಮತ್ತು ಮಗನ ಮಾತುಕತೆ ಬಂದಿತ್ತು. ತಂದೆಯ ಮಾತುಗಳನ್ನೆಲ್ಲ ದನಿ ತಗ್ಗಿಸಿ ಒಮ್ಮೆ ಓದಿದೆ, ಮಗನ ಮಾತುಗಳನ್ನು ದನಿ ಏರಿಸಿ ಇನ್ನೊಮ್ಮೆ ಓದಿದೆ, ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿದೆ. ಕೇಳಿದರೆ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕುಳಿತು ಗೋಡೆಯೊಡನೆ ಮಾತನಾಡುತ್ತಿರುವಂತಿತ್ತು.

ಜಪಾನಿನ ಕಂಠದಾನ ಕಲಾವಿದೆ ಮಸಾಕೊ ನೊಜಾವಾ ಅವರ ದನಿಗೆ ನಾನು ಕಿವಿಗೊಟ್ಟಿದ್ದು ಆ ದಿನಗಳಲ್ಲೇ.

ಅವರು ನಾಯಕ ಗೊಕುವಿಗೆ ದನಿ ಕೊಟ್ಟ ಜಪಾನಿ ಕಾರ್ಟೂನ್ ಸರಣಿ 'ಡ್ರ್ಯಾಗನ್ ಬಾಲ್ ಝಡ್' ನನಗೆ ಹೊಸದಲ್ಲ. ಶಾಲೆಯಿಂದ ಬಂದೊಡನೆ ಚೀಲ ಎಸೆದು ಕಾರ್ಟೂನ್ ನೆಟ್‌ವರ್ಕ್ ಹಾಕುತ್ತಿದ್ದ ಪೀಳಿಗೆ ನನ್ನದು. ಇಂಗ್ಲಿಷಿನಲ್ಲಿ ಕೇಳಿದ್ದ ಗೊಕು ಗಡಸು ಕಂಠದ ಗಂಡಸು. ಜಪಾನಿ ಮೂಲವನ್ನು ಮೊದಲ ಸಲ ನೋಡಿದಾಗ, ಬಂಡೆಯಂಥ ಆ ಮೈಯಿಂದ ಹುಡುಗನ ದನಿ ಹೊರಟಿತು. ತೆಳ್ಳನೆಯ, ತುಸು ಒರಟಾದ, ಹಸಿವನ್ನೂ ಖುಷಿಯನ್ನೂ ಮುಚ್ಚಿಡಲು ಬಾರದ ದನಿ. ಏನೋ ತಪ್ಪಾಗಿದೆ ಎಂದುಕೊಂಡೆ. ಮೂರು ಕಂತು ಮುಗಿಯುವಷ್ಟರಲ್ಲಿ ಬೇರೆ ದನಿಯ ಗೊಕು ನನ್ನ ಪಾಲಿಗೆ ಇಲ್ಲವಾಗಿದ್ದ.

1986ರಲ್ಲಿ ಮೊದಲ ಸರಣಿ ಶುರುವಾದಾಗ ಗೊಕು ಬಾಲವಿರುವ ಪುಟ್ಟ ಹುಡುಗ, ನೊಜಾವಾ ಅವರಿಗೆ 49 ವರ್ಷ. ಹುಡುಗ ಬೆಳೆದ, ಮದುವೆಯಾದ, ಅಪ್ಪನಾದ. ಇಂಗ್ಲಿಷಿನಲ್ಲಿ ಆ ಹೊತ್ತಿಗೆ ದನಿ ಬದಲಾಗಿತ್ತು, ಜಪಾನಿನಲ್ಲಿ ಬದಲಾಗಲಿಲ್ಲ. ಅದೇ ಸರಿ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಗೊಕು ಬೆಟ್ಟದಲ್ಲಿ ಅಜ್ಜನೊಬ್ಬನ ಕೈಯಲ್ಲಿ ಬೆಳೆದವನು, ಎಷ್ಟು ಬಲಿತರೂ ಒಳಗಿನ ಹುಡುಗ ಹಾಗೆಯೇ ಇದ್ದಾನೆ. ಜಪಾನಿ ಭಾಷೆಯಲ್ಲಿ 'ನಾನು' ಎನ್ನಲು ಹಲವು ಪದಗಳಿವೆ. ಗೊಕು ಬಳಸುವುದು 'ಒರಾ', ಹಳ್ಳಿಗಾಡಿನ ಪದ. ತಾಯಿಯ ಒತ್ತಾಯಕ್ಕೆ ಪುಸ್ತಕ ಹಿಡಿದು ಬೆಳೆದ ಮಗ ಗೊಹಾನ್ ಬಳಸುವುದು 'ಬೊಕು', ಸೌಮ್ಯ ಹುಡುಗರ ಪದ. ಗೊಹಾನ್‌ನ ದನಿಯೂ ನೊಜಾವಾ ಅವರದೇ. ಅವನ ತಮ್ಮ ಗೊತೆನ್‌ನದೂ, ಗೊಕುವಿನ ತಂದೆ ಬಾರ್ಡಾಕ್‌ನದೂ ಅವರದೇ. ಮೂರು ತಲೆಮಾರಿಗೆ ಒಂದು ಗಂಟಲು.

ಹೆಂಗಸು ಹುಡುಗನಿಗೆ ದನಿ ಕೊಡುವುದು ಅಲ್ಲಿ ಹಳೆಯ ರೂಢಿ. ಟಿ.ವಿ. ಬಂದ ಹೊಸತರಲ್ಲಿ ಜಪಾನಿನಲ್ಲಿ ವಿದೇಶಿ ಚಿತ್ರಗಳ ಡಬ್ಬಿಂಗ್ ನೇರಪ್ರಸಾರದಲ್ಲೇ ನಡೆಯುತ್ತಿತ್ತು. ತಪ್ಪಿದರೆ ತಿದ್ದಲು ಅವಕಾಶವಿಲ್ಲದ ಆ ಕೆಲಸಕ್ಕೆ ಮಕ್ಕಳು ಆಗಿಬರುತ್ತಿರಲಿಲ್ಲ, ಹಾಗಾಗಿ ನಟಿಯರು ಬಂದರು. ಹುಡುಗರ ಗಂಟಲು ಹರೆಯದಲ್ಲಿ ಒಡೆಯುತ್ತದೆ, ಹೆಂಗಸಿನದು ಹಾಗೆಯೇ ಉಳಿಯುತ್ತದೆ. ನೊಜಾವಾ ಅವರದು ಉಳಿದ ಪರಿ ನೋಡಿ: 2024ರ ಅಕ್ಟೋಬರಿನಲ್ಲಿ ಹೊಸ ಸರಣಿ 'ದೈಮಾ' ಆರಂಭವಾದಾಗ, ಮತ್ತೆ ಪುಟ್ಟವನಾದ ಗೊಕುವಿಗೆ ದನಿ ಕೊಟ್ಟವರು ಅದೇ ತಿಂಗಳು 88 ತುಂಬಿದ ಇವರು.

ನನ್ನನ್ನು ಹಿಡಿದು ಕೂರಿಸಿದ್ದು ಅಪ್ಪ ಮತ್ತು ಮಗ ಎದುರು ಬದುರಾಗುವ ಒಂದು ದೃಶ್ಯ. ಸೆಲ್ ಎಂಬ ರಾಕ್ಷಸ ತನ್ನನ್ನೇ ಸ್ಫೋಟಿಸಿಕೊಂಡು ಭೂಮಿಯನ್ನು ಅಳಿಸಲು ಹೊರಟಿದ್ದಾನೆ. ಗೊಕು ಹಣೆಗೆ ಎರಡು ಬೆರಳಿಟ್ಟು ಅವನ ಪಕ್ಕದಲ್ಲೇ ಪ್ರತ್ಯಕ್ಷನಾಗುತ್ತಾನೆ, ಉಬ್ಬಿದ ಆ ಮೈಮೇಲೆ ಕೈಯಿಟ್ಟು ಮಗನಿಗೆ ವಿದಾಯ ಹೇಳುತ್ತಾನೆ. ಚೆನ್ನಾಗಿ ಹೋರಾಡಿದೆ ಎನ್ನುತ್ತಾನೆ, ತಾಯಿಗೆ ತನ್ನ ಪರವಾಗಿ ಕ್ಷಮೆ ಕೇಳು ಎನ್ನುತ್ತಾನೆ. ಆ ದನಿಯಲ್ಲಿ ಅಳುವಿನ ಎಳೆಯೂ ಇಲ್ಲ. ಪೇಟೆಗೆ ಹೋಗಿಬರುತ್ತೇನೆ ಎನ್ನುವಷ್ಟು ಹಗುರ. ಆ ಹಗುರವೇ ಎದೆ ಹಿಂಡುತ್ತದೆ. ಮರುಕ್ಷಣ ಗೊಹಾನ್‌ನ ಗಂಟಲಿನಿಂದ 'ಒತೋಸಾನ್', ಅಪ್ಪಾ, ಎಂಬ ಕೂಗು ಚೂರಾಗಿ ಹೊರಡುತ್ತದೆ. ಬಿಟ್ಟು ಹೋಗುವವನೂ ಉಳಿಯುವವನೂ ಒಬ್ಬರೇ ಎಂಬುದು ಕೇಳುವಾಗ ನೆನಪಿಗೇ ಬರುವುದಿಲ್ಲ.

ಇಂಥ ಮಾತುಕತೆಯನ್ನು ನೊಜಾವಾ ಬೇರೆ ಬೇರೆಯಾಗಿ ಮುದ್ರಿಸುವುದಿಲ್ಲ. ಎರಡು ದನಿ ಒಂದರ ಮೇಲೊಂದು ಬೀಳುವ ಕಡೆ ಬಿಟ್ಟರೆ, ಅಪ್ಪ, ಮಗ, ಇನ್ನೊಬ್ಬ ಮಗ ಎಲ್ಲರನ್ನೂ ಸಾಲಾಗಿ ಒಂದೇ ಓಟದಲ್ಲಿ ಆಡಿಬಿಡುತ್ತಾರೆ. ತೆರೆಯ ಮೇಲೆ ಮುಖ ಕಂಡೊಡನೆ ತಾನು ಅವನೇ ಆಗುತ್ತೇನೆ ಎಂಬರ್ಥದಲ್ಲಿ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅದನ್ನು ಓದಿದ ಮೇಲೆ ನನ್ನ ಕತ್ತರಿ ಕೆಲಸ ನಿಂತಿತು.

ಕಳೆದ ತಿಂಗಳು ಮತ್ತೊಂದು ಪಾಠದಲ್ಲಿ ತಾಯಿ ಮತ್ತು ಮಗ ಬಂದರು. ಕುರ್ಚಿ ಬಿಟ್ಟು ಎದ್ದು ನಿಂತು ಓದಿದೆ. ತಾಯಿಯ ಮಾತಿಗೆ ಕತ್ತು ತುಸು ಬಗ್ಗಿಸಿ, ನನ್ನ ಸೊಂಟದೆತ್ತರದಲ್ಲಿ ಹುಡುಗ ನಿಂತಿದ್ದಾನೆಂದು ನೋಡಿದೆ. ಹುಡುಗನ ಮಾತಿಗೆ ಗಲ್ಲ ಎತ್ತಿದೆ. ದನಿ ಬದಲಿಸಲು ಹೋಗಲೇ ಇಲ್ಲ, ಉಸಿರು ತಾನಾಗಿ ಬದಲಾಯಿತು. ಪಕ್ಕದ ಮನೆಯ ಕುಕ್ಕರ್ ಕೂಗಿ ಮೊದಲ ಸಲದ್ದು ಹಾಳಾಯಿತು, ಎರಡನೆಯದನ್ನು ಉಳಿಸಿಕೊಂಡೆ. ಆ ತಾಯಿ ಮತ್ತು ಮಗ ಈಗ ಒಂದೇ ಅಡುಗೆಮನೆಯಲ್ಲಿದ್ದಾರೆ.

ಇನ್ನೊಂದು ಸಂಗತಿ ಹೇಳದೆ ಮುಗಿಸಲಾರೆ. 1968ರಲ್ಲಿ ಜಪಾನಿನ ಟಿ.ವಿ.ಗೆ 'ಗೆಗೆಗೆ ನೊ ಕಿತಾರೊ' ಬಂದಾಗ, ಕಿತಾರೊ ಎಂಬ ಭೂತಕುಲದ ಹುಡುಗನಿಗೆ ದನಿ ಕೊಟ್ಟವರು ನೊಜಾವಾ. ಅವನ ತಂದೆ ಸತ್ತು, ಪುಟ್ಟ ಮೈಯಿರುವ ಒಂದು ಕಣ್ಣುಗುಡ್ಡೆಯಾಗಿ ಉಳಿದವನು. ಮಗನ ತಲೆಗೂದಲಲ್ಲಿ ಅವನ ವಾಸ, ಬಟ್ಟಲಿನಲ್ಲಿ ಅವನ ಸ್ನಾನ. 'ಓಯ್, ಕಿತಾರೊ' ಎಂದು ಕೀರಲು ದನಿಯಲ್ಲಿ ಕರೆಯುತ್ತಿದ್ದ ಆ ತಂದೆಗೆ ದನಿ ಕೊಟ್ಟವರು ಇಸಾಮು ತಾನೊನಾಕಾ. ಅವರು 2010ರಲ್ಲಿ ತೀರಿಕೊಂಡರು. 2018ರಲ್ಲಿ ಹೊಸ ಸರಣಿ ಬಂದಾಗ ಕಿತಾರೊ ಮಿಯುಕಿ ಸವಾಶಿರೊ ಅವರ ಪಾಲಾದ, ಕಣ್ಣುಗುಡ್ಡೆಯ ತಂದೆ ನೊಜಾವಾ ಅವರ ಪಾಲಾದ. ಐವತ್ತು ವರ್ಷಗಳ ಹಿಂದೆ ಆ ಕರೆಗೆ ಓಗೊಡುತ್ತಿದ್ದವರು, 81ರ ವಯಸ್ಸಿನಲ್ಲಿ ಮೈಕಿನ ಮುಂದೆ ನಿಂತು ತಾವೇ ಕರೆದರು: 'ಓಯ್, ಕಿತಾರೊ!'