ಆ ಮಾತನ್ನು ಯೇಸು ಯಾರಿಗೆ ಹೇಳಿದರು?

ಬೈಬಲ್ ವಾಕ್ಯದ ಅರ್ಥ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಬರೀ ಅರ್ಥ ಅಲ್ಲ. "ಲೂಕ 13ರಲ್ಲಿ ಗೋಪುರ ಬಿದ್ದ ಕತೆ ಇದೆಯಲ್ಲ, ಅದೇನು?" ಅಂತ ಮಾತು ಶುರುವಾಗುತ್ತದೆ. ಚಹಾ ಮುಗಿಯುವಷ್ಟರಲ್ಲಿ ಮನೆಯ ವಿಷಯ ಬರುತ್ತದೆ. ಗಂಡನ ಕುಡಿತ, ಮಗನ ಕಾಯಿಲೆ, ಕಳೆದ ವರ್ಷ ತೀರಿಕೊಂಡ ತಮ್ಮ. ಜೊತೆಗೆ ಯಾರೋ ಒಬ್ಬರು ಹೇಳಿಹೋದ ಒಂದು ವಾಕ್ಯ, ಎದೆಯಲ್ಲಿ ಮುಳ್ಳಿನ ಹಾಗೆ ಕೂತಿರುತ್ತದೆ.

ನಾನು ಪಾದ್ರಿಯಲ್ಲ. ಕಾರವಾರದಲ್ಲಿ ವಾರಕ್ಕೊಮ್ಮೆ ಸಂಜೆ ಸೇರಿ ಬೈಬಲ್ ಓದುವ ಒಂದು ಸಣ್ಣ ಕೂಟ ಇದೆ, ಅದನ್ನು ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಕೊಂಕಣಿ, ಓದುವುದು ಕನ್ನಡ ಬೈಬಲ್. ಅಂಕೋಲಾ, ಕುಮಟಾ ಕಡೆಯವರು ಬರುತ್ತಾರೆ, ಘಟ್ಟದ ಮೇಲಿನವರು ಫೋನ್ ಮಾಡುತ್ತಾರೆ. ಯಾರೇ ಕೇಳಲಿ, ನಾನು ಮೊದಲು ತಿರುಗಿ ಕೇಳುವುದು ಒಂದೇ: ಈ ಮಾತನ್ನು ಯೇಸು ಯಾರಿಗೆ ಹೇಳಿದರು? ಯಾಕೆಂದರೆ ಒಬ್ಬರಿಗೆ ಹೇಳಿದ ಮಾತನ್ನು ಇನ್ನೊಬ್ಬರ ತಲೆಗೆ ಕಟ್ಟುವುದರಿಂದ ನಮ್ಮ ಚರ್ಚ್‌ಗಳಲ್ಲಿ ಆಗಿರುವ ನೋವು ಕಡಿಮೆಯೇನಲ್ಲ.

ಗೋಪುರದ ವಿಷಯಕ್ಕೇ ಬರುತ್ತೇನೆ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ರಸ್ತೆ ಪಕ್ಕದ ಚಹಾ ಅಂಗಡಿ, ಅಲ್ಲಿದ್ದ ಜನ, ನಿಲ್ಲಿಸಿದ್ದ ಲಾರಿ, ಎಲ್ಲ ಮಣ್ಣಿನ ಜೊತೆ ಗಂಗಾವಳಿ ಪಾಲಾಯಿತು. ಕೇರಳದ ಚಾಲಕನ ಲಾರಿಯನ್ನು ನದಿಯಿಂದ ಮೇಲೆ ತೆಗೆಯುವಷ್ಟರಲ್ಲಿ ಸೆಪ್ಟೆಂಬರ್ ಬಂದಿತ್ತು. ಆ ದಿನಗಳಲ್ಲಿ ಈ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಇದು ದೇವರ ಶಿಕ್ಷೆನಾ? ಕೆಲವರು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ, ನೇರವಾಗಿ ತೀರ್ಪೇ ಕೊಡುತ್ತಿದ್ದರು. ಕಡೆಯ ದಿನಗಳು, ಪಾಪ ಜಾಸ್ತಿಯಾಗಿದೆ, ಅಂತ.

ಲೂಕ 13 ತೆಗೆದು ಓದಿ. ರೋಮ್ ಸರ್ಕಾರದ ರಾಜ್ಯಪಾಲ ಪಿಲಾತ ಕೆಲವು ಗಲಿಲೇಯದವರನ್ನು ಬಲಿ ಕೊಡುತ್ತಿದ್ದಾಗಲೇ ಕೊಲ್ಲಿಸಿದ ಸುದ್ದಿಯನ್ನು ಜನ ಯೇಸುವಿಗೆ ತರುತ್ತಾರೆ. ಯೇಸು ಅದಕ್ಕೆ ಇನ್ನೊಂದು ಸುದ್ದಿ ಸೇರಿಸುತ್ತಾರೆ: ಸಿಲೊವಾಮಿನಲ್ಲಿ ಗೋಪುರ ಬಿದ್ದು 18 ಜನ ಸತ್ತರಲ್ಲ, ಅವರೇನು ಜೆರುಸಲೇಮಿನ ಉಳಿದವರಿಗಿಂತ ದೊಡ್ಡ ಅಪರಾಧಿಗಳಾ? ಉತ್ತರವನ್ನೂ ಅವರೇ ಕೊಡುತ್ತಾರೆ, ಇಲ್ಲ ಅಂತ. ಆಮೇಲೆ, ನೀವು ಮನಸ್ಸು ತಿರುಗಿಸಿಕೊಳ್ಳದಿದ್ದರೆ ನೀವೂ ಹಾಗೇ ನಾಶವಾಗುತ್ತೀರಿ ಅನ್ನುತ್ತಾರೆ. ಕಠಿಣ ಮಾತೇ. ಆದರೆ ಯಾರಿಗೆ? ಸತ್ತವರ ಮನೆಯವರಿಗಲ್ಲ. ಸುದ್ದಿ ತಂದು ಎದುರು ನಿಂತಿದ್ದವರಿಗೆ, ಬದುಕಿ ಉಳಿದವರಿಗೆ. ಹಾಗಾಗಿ ಶಿರೂರಿನ ಬಗ್ಗೆ ಓದಿದ ಮೇಲೆ ಯೇಸುವಿನ ಶಿಷ್ಯ ಪರೀಕ್ಷೆ ಮಾಡಬೇಕಾದದ್ದು ತನ್ನ ಬದುಕನ್ನು, ಅಲ್ವಾ? ಮಗನನ್ನು ಕಳೆದುಕೊಂಡ ತಾಯಿಯ ಎದುರು ಪಾಪದ ಲೆಕ್ಕ ತೆಗೆಯಲು ಈ ವಾಕ್ಯದಲ್ಲಿ ಜಾಗವೇ ಇಲ್ಲ. ಹುಟ್ಟು ಕುರುಡನನ್ನು ನೋಡಿ "ಪಾಪ ಮಾಡಿದ್ದು ಇವನಾ, ಇವನ ತಂದೆತಾಯಿನಾ" ಅಂತ ಶಿಷ್ಯರೇ ಕೇಳಿದಾಗಲೂ ಯೇಸು ಎರಡೂ ಅಲ್ಲ ಅಂದರು. ಅದು ಯೊವಾನ್ನ 9ರಲ್ಲಿದೆ.

ಇನ್ನೊಂದು ಮಾತು. ಎಲ್ಲವನ್ನೂ ದೇವರ ಶಿಕ್ಷೆ ಅಂದುಬಿಟ್ಟರೆ, ಗುಡ್ಡವನ್ನು ಹೇಗೆ ಕಡಿದರು, ಕಡಿದ ಮೇಲೆ ಮಳೆ ನೀರು ಎಲ್ಲಿಗೆ ಹೋಗಬೇಕಿತ್ತು ಅಂತ ಕೇಳುವವರು ಯಾರು? ಮನುಷ್ಯರು ಉತ್ತರ ಕೊಡಬೇಕಾದ ಪ್ರಶ್ನೆಯನ್ನು ದೇವರ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಭಕ್ತಿಯಲ್ಲ.

ಅದೇ ಅಧ್ಯಾಯದಲ್ಲಿ ಮುಂದೆ ಅಂಜೂರದ ಮರ ಬರುತ್ತದೆ. ಜನ ಗೋಪುರದಲ್ಲೇ ನಿಂತುಬಿಡುತ್ತಾರೆ, ಇಲ್ಲಿಗೆ ಬರುವುದೇ ಇಲ್ಲ. ಮೂರು ವರ್ಷದಿಂದ ಹಣ್ಣಿಲ್ಲ, ಕಡಿದು ಹಾಕು ಅನ್ನುತ್ತಾನೆ ಯಜಮಾನ. ಆಳು ಹೇಳುತ್ತಾನೆ, ಇದೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ. ಮರದ ಪರವಾಗಿ ಸುಮ್ನೆ ಮಾತಾಡಿ ಹೋಗುವುದಿಲ್ಲ ಅವನು, ಗುದ್ದಲಿ ಹಿಡಿಯುವ ಕೆಲಸವನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ತೋಟ ಮಾಡುವ ಶಿರಸಿ ಕಡೆಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಔಷಧಿಯ ಪ್ರಶ್ನೆಗೂ ಇದೇ ಕತೆ. ಒಬ್ಬ ಅಕ್ಕ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದರು. ಮಾತ್ರೆ ನುಂಗಿದರೆ ವಿಶ್ವಾಸ ಇಲ್ಲ ಅಂತ ಆಗುತ್ತದೆ ಅಂತ ಒಂದು ಪ್ರಾರ್ಥನಾ ಕೂಟದಲ್ಲಿ ಯಾರೋ ಹೇಳಿದ್ದರಂತೆ. ಕಾಲಿನ ಗಾಯ ಒಣಗುತ್ತಿರಲಿಲ್ಲ, ಆದರೂ ಅವರ ಚಿಂತೆ ತಮ್ಮ ವಿಶ್ವಾಸ ಸಾಲದೇನೋ ಅನ್ನುವುದು. ಅವರ ಜೊತೆ ಕೂತು ಮಾರ್ಕ 2 ಓದಿದೆವು. ಕಫೆರ್ನವುಮಿನ ಮನೆ ತುಂಬ ಜನ, ಒಳಗೆ ಹೋಗಲು ದಾರಿಯಿಲ್ಲ. ನಾಲ್ಕು ಜನ ಪಾರ್ಶ್ವವಾಯು ಬಡಿದವನೊಬ್ಬನನ್ನು ಹೊತ್ತು ತಂದು, ಮಾಡು ಹತ್ತಿ, ಅದನ್ನು ತೆಗೆದು, ಹಾಸಿಗೆ ಸಮೇತ ಕೆಳಗೆ ಇಳಿಸುತ್ತಾರೆ. ಮಾರ್ಕ ಬರೆಯುವುದನ್ನು ನೋಡಿ: ಯೇಸು "ಅವರ" ವಿಶ್ವಾಸವನ್ನು ಕಂಡರು. ಹೊತ್ತು ತಂದವರ ವಿಶ್ವಾಸವನ್ನು! ಹಾಸಿಗೆ ಹಿಡಿದವನಿಗೆ ಯೇಸು ಪರೀಕ್ಷೆ ಇಡಲಿಲ್ಲ. ಹಾಗಿರುವಾಗ ಕಾಯಿಲೆಯವರ ಹತ್ತಿರ ಹೋಗಿ ನಿನಗೆ ವಿಶ್ವಾಸ ಕಡಿಮೆ ಅನ್ನಲು ನಾವು ಯಾರು?

ಪೌಲನ ಪತ್ರಗಳಲ್ಲಿ ಲೂಕನನ್ನು ಪ್ರೀತಿಯ ವೈದ್ಯ ಅಂತಲೇ ಕರೆದಿದೆ. ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದದ್ದೂ ಅಲ್ಲೇ. ಗಾಯಾಳುವನ್ನು ಕಂಡ ಸಮಾರಿಯದವನು ಎಣ್ಣೆ, ದ್ರಾಕ್ಷಾರಸ ಹೊಯ್ದು ಪಟ್ಟಿ ಕಟ್ಟಿ, ಛತ್ರದವನಿಗೆ ದುಡ್ಡು ಕೊಟ್ಟು ಹೋದ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾ ಗೋವಾಕ್ಕೆ ಓಡಬೇಕು, ಅದು ಎಲ್ಲರಿಗೂ ಗೊತ್ತು. ಆ ನಾಲ್ಕು ಜನರ ಕೆಲಸ ಇಲ್ಲಿ ಬೇಕಾದಷ್ಟಿದೆ. ಗಾಡಿ ಬಾಡಿಗೆಗೆ ಕೈ ಸೇರಿಸುವುದು, ಆಸ್ಪತ್ರೆಯಲ್ಲಿ ರಾತ್ರಿ ಕೂರುವುದು, ಮನೆಯಲ್ಲಿ ಉಳಿದ ಮಕ್ಕಳಿಗೆ ಊಟ ಹಾಕುವುದು. ಪ್ರಾರ್ಥನೆ ಖಂಡಿತ ಮಾಡೋಣ, ತಲೆಯ ಮೇಲೆ ಕೈಯಿಟ್ಟು ಮಾಡೋಣ. ಮಾತ್ರೆ ಮಾತ್ರ ಬಿಡಿಸಬೇಡಿ. ಆ ಅಕ್ಕ ಈಗ ಮತ್ತೆ ಡಾಕ್ಟರ ಹತ್ತಿರ ಹೋಗುತ್ತಿದ್ದಾರೆ.

ಎಲ್ಲಕ್ಕಿಂತ ಹೆಚ್ಚು ಸಂಕಟ ಆಗುವುದು ಇನ್ನೊಂದು ಪ್ರಶ್ನೆಗೆ. ಹೆಂಗಸರು ಅದನ್ನು ಎಲ್ಲರ ಎದುರು ಕೇಳುವುದಿಲ್ಲ. ಕೂಟ ಮುಗಿದ ಮೇಲೆ, ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಹತ್ತಿರ ಬರುತ್ತಾರೆ. "ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸು ಅಂತ ಇದೆಯಲ್ಲ, ಹಾಗಾದರೆ ನಾನು ಸಹಿಸಿಕೊಂಡೇ ಇರಬೇಕಾ?" ಕೇಳುವಾಗ ಸೆರಗು ಎಳೆದು ಕೈ ಮುಚ್ಚಿಕೊಳ್ಳುತ್ತಾರೆ. ಮೊಣಕೈ ಮೇಲೆ ಹಳದಿಗೆ ತಿರುಗಿದ ಏಟಿನ ಗುರುತು.

ಬೇಡ ಅಕ್ಕ, ಹಾಗೆ ಇರಬೇಕಾಗಿಲ್ಲ. ಇದನ್ನು ನಾನು ತಡೆಯದೆ ಹೇಳುತ್ತೇನೆ. ಮತ್ತಾಯ 5ರ ಆ ಮಾತು ಬರುವುದು, ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಅಂತ ಸೇಡಿಗೆ ಹೊರಡುವವರನ್ನು ತಡೆಯುವ ಜಾಗದಲ್ಲಿ. ಹೊಡೆಯುವವನಿಗೆ ಅದು ಪರವಾನಗಿ ಅಲ್ಲ. ಯೇಸುವೇ ಏನು ಮಾಡಿದರು ನೋಡಿ. ಪ್ರಧಾನ ಯಾಜಕನ ಮುಂದೆ ಒಬ್ಬ ಕಾವಲುಗಾರ ಕೆನ್ನೆಗೆ ಹೊಡೆದಾಗ ಅವರು ಬಾಯಿ ಮುಚ್ಚಿಕೊಂಡು ನಿಲ್ಲಲಿಲ್ಲ. ನಾನು ತಪ್ಪು ಮಾತಾಡಿದ್ದರೆ ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀಯ ಅಂತ ಕೇಳಿದರು. ಯೊವಾನ್ನ 18ರಲ್ಲಿದೆ. ನಜರೇತಿನವರು ಬೆಟ್ಟದ ಅಂಚಿನಿಂದ ದೂಡಲು ಬಂದಾಗ ಅವರ ನಡುವಿನಿಂದಲೇ ಹೊರಟು ಹೋದರು. ಕಲ್ಲು ಎತ್ತಿಕೊಂಡಾಗ ದೇವಾಲಯದಿಂದ ಮರೆಯಾಗಿ ಹೋದರು. ದಮಸ್ಕದಲ್ಲಿ ಪೌಲನನ್ನು ಕೊಲ್ಲಲು ಕಾದಿದ್ದಾಗ ಶಿಷ್ಯರು ಅವನನ್ನು ರಾತ್ರಿ ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಕೆಳಗಿಳಿಸಿದರು. ಮುಂದೊಮ್ಮೆ ಜೆರುಸಲೇಮಿನಲ್ಲಿ ಚಾವಟಿ ಏಟು ಬೀಳುವುದಿತ್ತು, ಆಗ ಅವನು ರೋಮ್ ಪ್ರಜೆಯ ಹಕ್ಕು ಕೇಳಿದ. ಇವರೆಲ್ಲ ಶಿಲುಬೆ ಹೊರದವರಾ? ಯೇಸು ಶಿಲುಬೆ ಹೊತ್ತದ್ದು ತಾವಾಗಿಯೇ, ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನೇ ಕೊಡುತ್ತೇನೆ ಅಂತ ಹೇಳಿ. ಕುಡಿದು ಬಂದವನ ಏಟಿಗೆ ಶಿಲುಬೆ ಅಂತ ಹೆಸರಿಡುವುದನ್ನು ನಾವು ನಿಲ್ಲಿಸಬೇಕು.

ಕ್ಷಮಿಸಬೇಕಲ್ವಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಕ್ಷಮಿಸಿ, ಅದಕ್ಕೆ ಸಮಯ ಹಿಡಿಯುತ್ತದೆ, ಹಿಡಿಯಲಿ. ತವರಿಗೆ ಹೋಗಿದ್ದುಕೊಂಡೂ ಕ್ಷಮಿಸಬಹುದು. ಮಹಿಳಾ ಸಹಾಯವಾಣಿ 181ಕ್ಕೋ ತುರ್ತು ಸಂಖ್ಯೆ 112ಕ್ಕೋ ಫೋನ್ ಮಾಡಿದ ಮೇಲೂ ಕ್ಷಮಿಸಬಹುದು. ಗಂಡನಿಗೆ ಬೈಬಲ್‌ನಲ್ಲಿ ಏನು ಬರೆದಿದೆ ಅಂತ ಯಾರೂ ಯಾಕೆ ಕೇಳುವುದಿಲ್ಲ ಅನ್ನುವುದು ನನ್ನ ಪ್ರಶ್ನೆ. ಹೆಂಡತಿಯರನ್ನು ಪ್ರೀತಿಸಿರಿ, ಅವರೊಂದಿಗೆ ಕಠೋರವಾಗಿ ನಡೆದುಕೊಳ್ಳಬೇಡಿರಿ, ಕೊಲೊಸ್ಸೆ 3:19. ಆ ವಾಕ್ಯವನ್ನು ಅವನಿಗೆ ಓದಿ ಹೇಳುವ ಗಂಡಸರು ನಮ್ಮ ಸಭೆಗಳಲ್ಲಿ ಬೇಕು.

ಶಿರಸಿಯಿಂದ ಬರುವ ಪ್ರಶ್ನೆ ಸ್ವಲ್ಪ ಹಗುರ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಪಕ್ಕದ ಮನೆಯವರು ಊಟಕ್ಕೆ ಕರೆಯುತ್ತಾರೆ, ಹೋಗಬಹುದಾ? 1 ಕೊರಿಂಥ 10ರ ಕೊನೆಯ ಭಾಗ ಓದಿ. ಕರೆದರೆ ಹೋಗಿ, ಬಡಿಸಿದ್ದನ್ನು ಊಟ ಮಾಡಿ, ವಿಚಾರಣೆ ಮಾಡುತ್ತಾ ಕೂರಬೇಡಿ ಅನ್ನುತ್ತಾನೆ ಪೌಲ. ಇದು ಅರ್ಪಿಸಿದ್ದು ಅಂತ ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗೋಸ್ಕರ ಬೇಡ ಅನ್ನಿ ಅಂತಲೂ ಅಲ್ಲೇ ಇದೆ. ಪ್ರಸಾದ ಬೇಡ ಅಂತ ವಿನಯವಾಗಿ ಹೇಳಿದರೆ ನೆರೆಯವರಿಗೆ ಅರ್ಥವಾಗುತ್ತದೆ. ನಮ್ಮ ಕ್ರಿಸ್‌ಮಸ್‌ಗೆ ಅವರು ಬರುವುದಿಲ್ವಾ? ಡಿಸೆಂಬರ್ 3ರಂದು ಚಂದಾವರದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ ಎಲ್ಲ ಧರ್ಮದವರೂ ಬಂದು ಮೇಣದಬತ್ತಿ ಹಚ್ಚಿ ಹೋಗುತ್ತಾರಲ್ಲ.

ಯುವಕರು ಇನ್ನೊಂದು ತರ ಕೇಳುತ್ತಾರೆ. ಕುಡಿಯುವವನು, ಪೂಜೆಗೆ ಸರಿಯಾಗಿ ಬಾರದವನು ನಮ್ಮ ಗುಂಪಿನಲ್ಲಿ ಯಾಕೆ, ತೆಗೆದು ಹಾಕೋಣ ಅಂತ. ಅವರಿಗೆ ನಾನು ಮತ್ತಾಯ 13ರ ಬಲೆಯ ಸಾಮತಿ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕತೆ, ಓದಿಸುತ್ತೇನೆ. ಕಾರವಾರದ ಕಡಲದಂಡೆಯಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಆ ಸಾಮತಿ ಕಣ್ಣೆದುರೇ ಇದೆ. ಎರಡು ಕಡೆ ಹಗ್ಗ ಹಿಡಿದು ಹತ್ತಾರು ಜನ ಹಿಂದಕ್ಕೆ ಹಿಂದಕ್ಕೆ ಬರುತ್ತಾರೆ, ಹಿಮ್ಮಡಿ ಮರಳಿನಲ್ಲಿ ಹೂತುಹೋಗುತ್ತದೆ. ಒಳಗೆ ಬಂಗಡೆ ಇದೆಯೋ ಏಡಿ ಇದೆಯೋ ಎಳೆಯುವವನಿಗೆ ಕಾಣುವುದಿಲ್ಲ. ಬಲೆ ದಡಕ್ಕೆ ಬಂದ ಮೇಲೇ ಬುಟ್ಟಿ ಇಟ್ಟುಕೊಂಡು ಕೂರುವುದು, ಬೇಕಾದ್ದು ಬುಟ್ಟಿಗೆ, ಬೇಡದ್ದು ಮರಳಿಗೆ. ನೀರಿನಲ್ಲಿರುವಾಗಲೇ ಆರಿಸಲು ಕೈಹಾಕಿದರೆ ಬಲೆ ಸಡಿಲವಾಗಿ ಇದ್ದದ್ದೂ ಹೋಗುತ್ತದೆ. ಯೇಸು ಹೇಳುವ ಸಾಮತಿಯಲ್ಲಿ ಕಾಲಾಂತ್ಯಕ್ಕೆ ಬೇರ್ಪಡಿಸುವ ಕೆಲಸ ದೇವದೂತರದ್ದು. ಶಿಷ್ಯರಿಗೆ ಆ ಕೆಲಸ ಕೊಟ್ಟಿಲ್ಲ. ತಪ್ಪು ಮಾಡಿದವನ ಹತ್ತಿರ ಒಬ್ಬನೇ ಹೋಗಿ ಮಾತಾಡು ಅಂತ ಮತ್ತಾಯ 18ರಲ್ಲಿ ಇದೆ, ಮೊದಲು ಅದನ್ನು ಮಾಡಿ. ಅದು ಕಷ್ಟ, ಹಾಗಾಗಿಯೇ ಜನ ನೇರ ತೆಗೆದುಹಾಕುವ ಮಾತಿಗೆ ಬರುತ್ತಾರೆ.

ಕೊನೆಯದಾಗಿ ಒಬ್ಬ ಹುಡುಗಿ ಕೇಳಿದ್ದು. ಪೂರ್ಣಾವಧಿ ಸೇವೆಗೆ ಹೋಗಬೇಕು ಅಂತ ಅವಳ ಆಸೆ, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಅಣ್ಣ ಗಲ್ಫ್‌ನಲ್ಲಿ. ತಂದೆತಾಯಿಯನ್ನು ದ್ವೇಷಿಸದವನು ನನ್ನ ಶಿಷ್ಯನಾಗಲಾರ ಅಂತ ಲೂಕ 14ರಲ್ಲಿ ಇದೆ, ನಾನು ಹೋಗಲೇಬೇಕಲ್ವಾ ಅಂತ ಅವಳ ಪ್ರಶ್ನೆ. ಯೇಸು ಅದನ್ನು ಹೇಳಿದ್ದು ತಮ್ಮ ಹಿಂದೆ ಗುಂಪು ಗುಂಪಾಗಿ ಬರುತ್ತಿದ್ದ ಜನರ ಕಡೆ ತಿರುಗಿ, ಲೆಕ್ಕ ಹಾಕಿ ಬನ್ನಿ ಅಂತ ಎಚ್ಚರಿಸುವಾಗ. ಶಿಷ್ಯನಿಗೆ ಯೇಸುವಿಗಿಂತ ಮುಖ್ಯವಾದದ್ದು ಯಾವುದೂ ಇರಬಾರದು, ಅದು ನಿಜ. ಅದೇ ಯೇಸು, ದೇವರಿಗೆ ಕೊಟ್ಟುಬಿಟ್ಟಿದ್ದೇನೆ ಅಂತ ಹೇಳಿ ತಂದೆತಾಯಿಗೆ ಸಹಾಯ ನಿಲ್ಲಿಸುವವರನ್ನು ಮಾರ್ಕ 7ರಲ್ಲಿ ಬೈಯುತ್ತಾರೆ. ಶಿಲುಬೆಯ ಮೇಲೆ ಉಸಿರು ಹೋಗುತ್ತಿರುವಾಗಲೂ ತಮ್ಮ ತಾಯಿಗೆ ಒಂದು ಮನೆ ನೋಡುತ್ತಾರೆ.

ಎಲ್ಲರಿಗೂ ಒಂದೇ ತರ ಕರೆ ಬರುವುದಿಲ್ಲ. ಪೇತ್ರ ಬಲೆ ಬಿಟ್ಟು ಬಂದ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ತನ್ನ ಊರಲ್ಲೇ ಉಳಿದು ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಟ್ಟ. ಗೆರಸೇನರ ನಾಡಿನಲ್ಲಿ ದೆವ್ವ ಬಿಟ್ಟು ವಾಸಿಯಾದವನು ನಾನೂ ಜೊತೆಗೆ ಬರುತ್ತೇನೆ ಅಂತ ಬೇಡಿಕೊಂಡರೂ ಯೇಸು ದೋಣಿಗೆ ಹತ್ತಿಸಿಕೊಳ್ಳಲಿಲ್ಲ, ಮನೆಗೆ ಹೋಗು, ನಿನ್ನವರಿಗೆ ಹೇಳು ಅಂದರು. ಅವಳಿಗೆ ನಾನು ಇದನ್ನೇ ಹೇಳಿದೆ. ಅಮ್ಮನ ಮಗ್ಗುಲು ತಿರುಗಿಸುವುದು, ಮೈ ಒರೆಸುವುದು, ಇದು ಈಗ ನಿನ್ನ ಸೇವೆ, ಕಾಯುವ ಅವಧಿ ಅಂತ ತಿಳಿಯಬೇಡ. ಜೊತೆಗೆ ಮಾರ್ಕನ ಸುವಾರ್ತೆ ಓದಿ ಹೇಳು, 16 ಅಧ್ಯಾಯ ಅಷ್ಟೇ, ದಿನಾ ಒಂದು.

ಐದನೇ ಅಧ್ಯಾಯ ಓದಿದ ದಿನ ಅವಳ ತಾಯಿ ಒಂದು ಪ್ರಶ್ನೆ ಕೇಳಿದರಂತೆ, ಅವಳು ಅದನ್ನು ನನಗೆ ಕಳಿಸಿದಳು. "ಸಮಾಧಿಗಳ ನಡುವೆ ಬಿದ್ದಿದ್ದವನು ಮನೆಗೆ ಹೋದಾಗ, ಮನೆಯವರು ಬಾಗಿಲು ತೆಗೆದರಾ?" ಮಾರ್ಕ ಅದನ್ನು ಬರೆದಿಲ್ಲ. ಅವನು ದೆಕಪೊಲಿ ಅನ್ನುವ ಹತ್ತು ಊರುಗಳ ಸೀಮೆಯ ತುಂಬ ಹೇಳಿಕೊಂಡು ಹೋದ, ಜನ ಬೆರಗಾದರು ಅಂತ ಮಾತ್ರ ಇದೆ. ಬರುವ ವಾರದ ಕೂಟದಲ್ಲಿ ಈ ಪ್ರಶ್ನೆಯಿಂದಲೇ ಶುರು ಮಾಡುತ್ತೇವೆ. ಬರುವವರು ಮಾರ್ಕ 5ನ್ನು ಒಮ್ಮೆ ಓದಿಕೊಂಡು ಬನ್ನಿ.